ಇಸ್ಲಾಂ ಕಲಿಯಲು ಹೊರಟವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಇಸ್ಲಾಂ ಬಗ್ಗೆ ಹೊಸದಾಗಿ ಕಲಿಯುವವರು ಕೇಳುವ ಮೊದಲ ಪ್ರಶ್ನೆಗಳು ಹೆಚ್ಚಾಗಿ ಒಂದೇ ಥರ ಇರುತ್ತವೆ. ಸಂಗೀತ ಕೇಳಬಹುದಾ? ಫೋಟೋ ತೆಗೆಸಿಕೊಳ್ಳಬಹುದಾ? ಬ್ಯಾಂಕಿನ ಕೆಲಸ ಬಿಡಬೇಕಾ? ಗಡ್ಡ ಎಷ್ಟು ಉದ್ದ ಇರಬೇಕು? ಕೆಲವು ದಿನ ಫೋನಿನಲ್ಲಿ ವಿಡಿಯೊ ನೋಡಿದರೆ ಸಾಕು, ತಲೆ ತುಂಬ ಇಂಥವೇ ತುಂಬಿಕೊಳ್ಳುತ್ತವೆ. ಅಷ್ಟರಲ್ಲಿ ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾ ಬಾಯಿಗೆ ಬಂದಿರುವುದಿಲ್ಲ, ನಮಾಝಿಗೆ ಮುಂಚಿನ ಶುದ್ಧಿಯಾದ ವುಝೂ ಮಾಡಲು ಗೊತ್ತಿರುವುದಿಲ್ಲ. ಇದೆಲ್ಲ ನನ್ನಿಂದಾಗದು ಅನಿಸಿ ಸುಮ್ಮನಾಗಿಬಿಡುತ್ತಾರೆ. ಕಲಿಯಲು ಬಂದವರದ್ದೇನೂ ತಪ್ಪಿಲ್ಲ. ಆಮೇಲೆ ಬರಬೇಕಾದದ್ದು ಮೊದಲು ಬಂದಿರುತ್ತದೆ.

ಇಸ್ಲಾಂ ಬಂದದ್ದೇ ಹಂತ ಹಂತವಾಗಿ. ಕುರ್‌ಆನ್ ಇಳಿದು ಮುಗಿಯಲು ಸುಮಾರು 23 ವರ್ಷ ಹಿಡಿಯಿತು. ಈ ಬಗ್ಗೆ ಪ್ರವಾದಿ ಮುಹಮ್ಮದ್ (ಸ: ಅವರ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ) ಅವರ ಪತ್ನಿ ಆಯಿಶಾ ಹೇಳಿದ ಮಾತು ಬುಖಾರಿ ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ) ಸಂಗ್ರಹದಲ್ಲಿದೆ. ಮೊದಲು ಸ್ವರ್ಗ, ನರಕಗಳ ಕುರಿತ ಸೂರಃಗಳು (ಕುರ್‌ಆನಿನ ಅಧ್ಯಾಯಗಳು) ಬಂದವು. ಜನರ ಮನಸ್ಸು ಇಸ್ಲಾಮಿನ ಕಡೆ ತಿರುಗಿದ ಮೇಲೆ ಹಲಾಲ್ (ಅನುಮತಿ ಇರುವುದು), ಹರಾಮ್ (ನಿಷಿದ್ಧ) ನಿಯಮಗಳು ಬಂದವು. ಮೊದಲೇ ಮದ್ಯ ಕುಡಿಯಬೇಡಿ ಎಂಬ ಆಜ್ಞೆ ಬಂದಿದ್ದರೆ, ನಾವು ಎಂದಿಗೂ ಬಿಡುವುದಿಲ್ಲ ಅಂತ ಜನ ಹೇಳಿಬಿಡುತ್ತಿದ್ದರು ಎನ್ನುತ್ತಾರೆ ಆಯಿಶಾ. ಮದ್ಯದ ನಿಷೇಧ ಕೂಡ ಒಂದೇ ಸಲ ಬರಲಿಲ್ಲ. ಅದರಲ್ಲಿ ಲಾಭಕ್ಕಿಂತ ಪಾಪ ದೊಡ್ಡದು ಎಂಬ ಮಾತು ಮೊದಲು ಬಂತು. ಅಮಲಿನಲ್ಲಿ ನಮಾಝಿನ ಹತ್ತಿರ ಹೋಗಬೇಡಿ ಎಂಬುದು ಆಮೇಲೆ. ಪೂರ್ತಿ ನಿಷೇಧ ಕೊನೆಗೆ.

ತಮ್ಮ ಸಂಗಾತಿ ಮುಆದ್ ಬಿನ್ ಜಬಲ್ ಅವರನ್ನು ಯೆಮೆನ್‌ಗೆ ಕಳಿಸುವಾಗ ಪ್ರವಾದಿಯವರು ಇದೇ ಕ್ರಮ ಹೇಳಿಕೊಟ್ಟರು. ಮೊದಲು ಅಲ್ಲಾಹ್ ಒಬ್ಬನೇ ಎಂಬುದಕ್ಕೆ ಕರೆಯಿರಿ. ಅದನ್ನು ಒಪ್ಪಿದರೆ ಐದು ಹೊತ್ತಿನ ನಮಾಝ್ ತಿಳಿಸಿ. ಅದನ್ನೂ ಒಪ್ಪಿದರೆ ಝಕಾತ್ (ಕಡ್ಡಾಯ ದಾನ) ತಿಳಿಸಿ. ಕಲಿಯುವವರಿಗೂ ಇದಕ್ಕಿಂತ ಒಳ್ಳೆಯ ಪಾಠಪಟ್ಟಿ ಬೇರೆ ಇಲ್ಲ ಅನ್ನುವುದು ನನ್ನ ನಂಬಿಕೆ. ಈ ಲೇಖನವೂ ಅದೇ ದಾರಿಯಲ್ಲಿ ಹೋಗುತ್ತದೆ.

ಹೊಸದಾಗಿ ಇಸ್ಲಾಂ ಸ್ವೀಕರಿಸಿದವರಿಗೆ ಇದು ಬೇಕಾಗುತ್ತದೆ. ಮುಸ್ಲಿಂ ಮನೆಯಲ್ಲೇ ಹುಟ್ಟಿ, ಶಾಲೆ, ಹಾಸ್ಟೆಲ್ ಅಂತ ಮದ್ರಸ ತಪ್ಪಿಹೋದವರಿಗೂ ಬೇಕಾಗುತ್ತದೆ. ಅಂಥವರು ನಾವಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ, ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ ಅಷ್ಟೇ. ಬೇರೆ ಧರ್ಮದವರಾಗಿದ್ದು, ಪಕ್ಕದ ಮನೆಯವರ ನಂಬಿಕೆ ಏನು ಅಂತ ತಿಳಿಯಬೇಕು ಅನ್ನುವವರೂ ಇದನ್ನು ಓದಬಹುದು.

ಮೊದಲ ಹೆಜ್ಜೆ: ಯಾರನ್ನು ನಂಬುವುದು

ಕುರ್‌ಆನಿನ 112ನೇ ಸೂರಃ ಇಖ್ಲಾಸ್. ನಾಲ್ಕೇ ವಾಕ್ಯ. ಅದರ ಅರ್ಥ ಹೀಗೆ: ಹೇಳಿರಿ, ಅವನು ಅಲ್ಲಾಹ್, ಒಬ್ಬನೇ. ಅಲ್ಲಾಹ್ ಯಾರ ಹಂಗೂ ಇಲ್ಲದವನು, ಎಲ್ಲರಿಗೂ ಅವನೇ ಬೇಕು. ಅವನು ಯಾರನ್ನೂ ಹೆತ್ತಿಲ್ಲ, ಯಾರಿಂದಲೂ ಹುಟ್ಟಿಲ್ಲ. ಅವನಿಗೆ ಸಮಾನರು ಯಾರೂ ಇಲ್ಲ.

ಈ ನಾಲ್ಕು ವಾಕ್ಯದ ಮೇಲೆ ಒಂದಷ್ಟು ದಿನ ಮನಸ್ಸಿಡಿ. ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ. ಹರಕೆ, ಪ್ರಾರ್ಥನೆ, ಸಾಷ್ಟಾಂಗ ಅವನೊಬ್ಬನಿಗೇ. ಪ್ರವಾದಿಯವರೂ ಅವನ ದಾಸರು, ಅವನು ಕಳಿಸಿದವರು. ಅವರನ್ನು ಪ್ರೀತಿಸುತ್ತೇವೆ, ಹಿಂಬಾಲಿಸುತ್ತೇವೆ, ಆರಾಧಿಸುವುದಿಲ್ಲ. ಇಸ್ಲಾಮಿಗೆ ಪ್ರವೇಶಿಸುವ ಸಾಕ್ಷ್ಯವಚನ ಇದನ್ನೇ ಹೇಳುತ್ತದೆ: ಅಶ್‌ಹದು ಅಲ್ಲಾ ಇಲಾಹ ಇಲ್ಲಲ್ಲಾಹ್, ವ ಅಶ್‌ಹದು ಅನ್ನ ಮುಹಮ್ಮದರ್ರಸೂಲುಲ್ಲಾಹ್. ಅಲ್ಲಾಹನ ಹೊರತು ಆರಾಧನೆಗೆ ಅರ್ಹರು ಯಾರೂ ಇಲ್ಲ, ಮುಹಮ್ಮದರು ಅಲ್ಲಾಹನ ಸಂದೇಶವಾಹಕರು ಅಂತ ನಾನು ಸಾಕ್ಷಿ ಹೇಳುತ್ತೇನೆ.

ಇಡೀ ಧರ್ಮದ ನಕ್ಷೆ ಒಂದೇ ಕಡೆ ಬೇಕು ಅನ್ನುವವರು ದೇವದೂತ ಜಿಬ್ರೀಲರ ಹದೀಸ್ ಓದಬೇಕು. ಹೇಳಿದವರು ಪ್ರವಾದಿಯವರ ಸಂಗಾತಿ ಉಮರ್. ಒಂದು ದಿನ ಪ್ರವಾದಿಯವರ ಬಳಿ ಎಲ್ಲರೂ ಕೂತಿದ್ದಾಗ ಅಪರಿಚಿತ ವ್ಯಕ್ತಿಯೊಬ್ಬ ಬಂದ. ಅಚ್ಚ ಬಿಳಿ ಬಟ್ಟೆ, ಕಡುಕಪ್ಪು ಕೂದಲು. ದೂರದಿಂದ ಬಂದವನ ಧೂಳಿಲ್ಲ, ಆದರೆ ಊರಿನವರಿಗ್ಯಾರಿಗೂ ಗುರುತಿಲ್ಲ. ಪ್ರವಾದಿಯವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಕೇಳಿದ: ಇಸ್ಲಾಂ ಅಂದರೇನು? ಉತ್ತರವಾಗಿ ಬಂದದ್ದು ಐದು ಸ್ತಂಭಗಳು: ಸಾಕ್ಷ್ಯವಚನ, ನಮಾಝ್, ಝಕಾತ್, ರಮಝಾನ್ ಉಪವಾಸ, ಸಾಧ್ಯವಿದ್ದವರಿಗೆ ಹಜ್ಜ್. ಈಮಾನ್ ಅಂದರೇನು? ಅಲ್ಲಾಹ್, ಮಲಕ್‌ಗಳು (ದೇವದೂತರು), ಗ್ರಂಥಗಳು, ಪ್ರವಾದಿಗಳು, ಅಂತ್ಯದಿನ, ವಿಧಿ, ಈ ಆರನ್ನು ನಂಬುವುದು. ಇಹ್ಸಾನ್ ಅಂದರೇನು? ಅಲ್ಲಾಹನನ್ನು ಕಣ್ಣಾರೆ ಕಾಣುತ್ತಿರುವಂತೆ ಆರಾಧಿಸುವುದು. ನಿನಗೆ ಅವನು ಕಾಣದಿದ್ದರೂ ಅವನು ನಿನ್ನನ್ನು ಕಾಣುತ್ತಿದ್ದಾನೆ. ಆ ವ್ಯಕ್ತಿ ಎದ್ದುಹೋದ ಮೇಲೆ ಪ್ರವಾದಿಯವರು ಹೇಳಿದರು, ಬಂದಿದ್ದದ್ದು ಜಿಬ್ರೀಲ್, ನಿಮಗೆ ನಿಮ್ಮ ಧರ್ಮ ಕಲಿಸಲು ಬಂದಿದ್ದರು. ಇಮಾಮ್ ನವವಿಯವರ ನಲವತ್ತು ಹದೀಸ್ ಸಂಗ್ರಹದಲ್ಲಿ ಇದು ಎರಡನೆಯದು. ಹೆಸರು ನಲವತ್ತಾದರೂ ಒಳಗಿರುವುದು 42. ಹೊಸಬರಿಗೆ ಹದೀಸ್ ಓದಲು ಅದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಜೊತೆಗೆ ಪ್ರವಾದಿಯವರ ಜೀವನ ಚರಿತ್ರೆಯೊಂದನ್ನು ಕೈಗೆತ್ತಿಕೊಳ್ಳಿ. ಚಿಕ್ಕ ಪುಸ್ತಕ ಸಾಕು. ಸುಮಾರು 570ರಲ್ಲಿ ಮಕ್ಕಾದಲ್ಲಿ ಹುಟ್ಟಿದ್ದು, ಹುಟ್ಟುವ ಮೊದಲೇ ತಂದೆ ಇಲ್ಲವಾದದ್ದು, ಆರರ ಪ್ರಾಯದಲ್ಲಿ ತಾಯಿಯೂ ತೀರಿಹೋದದ್ದು. 610ರಲ್ಲಿ ಹಿರಾ ಗುಹೆಯಲ್ಲಿ ಮೊದಲ ವಚನ, 622ರಲ್ಲಿ ಮದೀನಾಕ್ಕೆ ಹಿಜ್ರತ್ (ವಲಸೆ), 632ರಲ್ಲಿ ಅಲ್ಲೇ ನಿಧನ. ಇಷ್ಟು ಗೆರೆ ಮನಸ್ಸಿನಲ್ಲಿದ್ದರೆ ಕುರ್‌ಆನಿನ ಯಾವ ಸೂರಃ ಎಂಥ ಸಂದರ್ಭದಲ್ಲಿ ಬಂತು ಅನ್ನುವುದು ತಾನಾಗಿ ಅರ್ಥವಾಗುತ್ತದೆ. ಹಿಂಸೆ ಸಹಿಸುತ್ತಿದ್ದ ಮಕ್ಕಾದ ವರ್ಷಗಳ ಸೂರಃ ಬೇರೆ, ಸಮಾಜ ಕಟ್ಟುತ್ತಿದ್ದ ಮದೀನಾದ ಸೂರಃ ಬೇರೆ.

ಎರಡನೇ ಹೆಜ್ಜೆ: ಫಾತಿಹಾ

ಕುರ್‌ಆನಿನ ಮೊದಲ ಸೂರಃ. ಏಳು ವಾಕ್ಯ. ದಿನದ ಕಡ್ಡಾಯ ನಮಾಝ್‌ಗಳಲ್ಲಿ ಒಟ್ಟು 17 ರಕಅತ್ (ನಿಲ್ಲುವುದು, ಬಾಗುವುದು, ಸಾಷ್ಟಾಂಗ ಸೇರಿದ ಒಂದು ಸುತ್ತು) ಇರುತ್ತದೆ, ಪ್ರತಿ ರಕಅತ್ತಿನಲ್ಲೂ ಫಾತಿಹಾ ಇದೆ. ಹಾಗಾಗಿ ಬಾಯಿಪಾಠ ಶುರುವಾಗಬೇಕಾದದ್ದು ಇಲ್ಲಿಂದಲೇ.

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್
ಅಲ್‌ಹಮ್ದು ಲಿಲ್ಲಾಹಿ ರಬ್ಬಿಲ್ ಆಲಮೀನ್
ಅರ್ರಹ್ಮಾನಿರ್ರಹೀಮ್
ಮಾಲಿಕಿ ಯೌಮಿದ್ದೀನ್
ಇಯ್ಯಾಕ ನಅ್‌ಬುದು ವ ಇಯ್ಯಾಕ ನಸ್ತಈನ್
ಇಹ್ದಿನಸ್ಸಿರಾತಲ್ ಮುಸ್ತಕೀಮ್
ಸಿರಾತಲ್ಲದೀನ ಅನ್‌ಅಮ್ತ ಅಲೈಹಿಮ್ ಗೈರಿಲ್ ಮಗ್‌ದೂಬಿ ಅಲೈಹಿಮ್ ವಲದ್ದಾಲ್ಲೀನ್

ದಿನಕ್ಕೆ ಒಂದು ಸಾಲು ಕಲಿಯಿರಿ, ಸಾಕು. ಹೊಸ ಸಾಲಿಗೆ ಹೋಗುವ ಮೊದಲು ಹಿಂದಿನದ್ದನ್ನೂ ಸೇರಿಸಿ ಹೇಳಿ. ಕೇಳಿ ಕಲಿಯಲು ಈಜಿಪ್ಟಿನ ಮಹ್ಮೂದ್ ಖಲೀಲ್ ಅಲ್ ಹುಸರಿ ಅವರ ಪಾರಾಯಣ ಹುಡುಕಿ. ನಿಧಾನ, ಒಂದೊಂದು ಅಕ್ಷರವೂ ಸ್ಪಷ್ಟ. ರಾಗಕ್ಕೆ ಹೆಸರಾದ ಪಾರಾಯಣಗಳು ಕೇಳಲು ಚೆಂದ, ಆದರೆ ಕಲಿಯುವವರಿಗೆ ಕಷ್ಟ.

ಕನ್ನಡ ಲಿಪಿಯಲ್ಲಿ ಬರೆದದ್ದು ತಾತ್ಕಾಲಿಕ ಆಸರೆ ಅಷ್ಟೇ ಅನ್ನುವುದು ನೆನಪಿರಲಿ. ನಾವು 'ಸ' ಅಂತ ಬರೆಯುವ ಜಾಗದಲ್ಲಿ ಅರಬಿಯಲ್ಲಿ ಮೂರು ಬೇರೆ ಬೇರೆ ಅಕ್ಷರಗಳಿವೆ. ಅಲ್‌ಹಮ್ದು ಅನ್ನುವಾಗ ಬರುವ 'ಹ' ಗಂಟಲಿನ ನಡುವಿನಿಂದ ಬಿಗಿಯಾಗಿ ಬರಬೇಕು, ಇಹ್ದಿನಾ ಅನ್ನುವಾಗಿನ 'ಹ' ಗಂಟಲಿನ ಬುಡದಿಂದ ಉಸಿರಿನ ಹಾಗೆ ಹಗುರವಾಗಿ. ಬರೆದಾಗ ಎರಡೂ ಒಂದೇ. ಕೊನೆಯ ಪದದಲ್ಲಿರುವ ದಪ್ಪ 'ದ' ಅಂತೂ ಹುಟ್ಟಿದಾಗಿನಿಂದ ಅರಬಿ ಓದುವವರಿಗೂ ಸುಲಭದ್ದಲ್ಲ. ನಾಲಿಗೆಯ ಪಕ್ಕವನ್ನು ಮೇಲಿನ ದವಡೆ ಹಲ್ಲಿಗೆ ತಾಗಿಸಿ ಹೇಳುವ ಅಕ್ಷರ ಅದು. ಇದನ್ನೆಲ್ಲ ಓದಿ ಕಲಿಯಲು ಆಗುವುದಿಲ್ಲ. ಬಲ್ಲವರೊಬ್ಬರ ಎದುರು ಕೂತು ಹೇಳಬೇಕು, ಅವರು ತಿದ್ದಬೇಕು.

ಉಚ್ಚಾರ ಸರಿ ಬರುತ್ತಿಲ್ಲ ಅಂತ ಕೊರಗಬೇಡಿ. ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲ ಅಂತ ಪ್ರವಾದಿಯವರೇ ಹೇಳಿದ್ದಾರೆ.

ಅರ್ಥವನ್ನೂ ಮೊದಲ ದಿನದಿಂದಲೇ ಕಲಿಯಿರಿ. ಇಮಾಮ್ ಮುಸ್ಲಿಂ ಅವರ ಹದೀಸ್ ಸಂಗ್ರಹದಲ್ಲಿ ಬರುವ ಒಂದು ಮಾತು ಫಾತಿಹಾವನ್ನು ನೋಡುವ ರೀತಿಯನ್ನೇ ಬದಲಿಸುತ್ತದೆ. ಅಲ್ಲಾಹ್ ಹೇಳುತ್ತಾನೆ: ನಮಾಝನ್ನು ನನ್ನ ಮತ್ತು ನನ್ನ ದಾಸನ ನಡುವೆ ಎರಡು ಪಾಲು ಮಾಡಿದ್ದೇನೆ, ನನ್ನ ದಾಸ ಕೇಳಿದ್ದು ಅವನಿಗೆ ಸಿಗುತ್ತದೆ. ದಾಸ ಅಲ್‌ಹಮ್ದು ಲಿಲ್ಲಾಹಿ ರಬ್ಬಿಲ್ ಆಲಮೀನ್ ಅಂದಾಗ ಅಲ್ಲಾಹ್ ಅನ್ನುತ್ತಾನೆ, ನನ್ನ ದಾಸ ನನ್ನನ್ನು ಸ್ತುತಿಸಿದ. ನಿನ್ನನ್ನೇ ಆರಾಧಿಸುತ್ತೇವೆ, ನಿನ್ನಲ್ಲೇ ನೆರವು ಬೇಡುತ್ತೇವೆ ಎಂಬ ನಡುವಿನ ವಾಕ್ಯಕ್ಕೆ ಬಂದಾಗ, ಇದು ನನಗೂ ನನ್ನ ದಾಸನಿಗೂ ಸೇರಿದ್ದು ಅನ್ನುತ್ತಾನೆ. ಒಂದೊಂದು ವಾಕ್ಯಕ್ಕೂ ಒಂದು ಉತ್ತರ. ಇದು ಗೊತ್ತಾದ ಮೇಲೆ ಫಾತಿಹಾವನ್ನು ಒಂದೇ ಉಸಿರಿಗೆ ಓಡಿಸಲು ಮನಸ್ಸು ಬರುವುದಿಲ್ಲ.

ಇನ್ನೂ ಬಾಯಿಗೆ ಬಂದಿಲ್ಲ, ನಮಾಝ್ ಮಾಡುವುದು ಹೇಗೆ? ಅದಕ್ಕೂ ದಾರಿ ಇದೆ. ಕುರ್‌ಆನಿನಿಂದ ಏನನ್ನೂ ಕಲಿಯಲು ನನ್ನಿಂದ ಆಗುತ್ತಿಲ್ಲ ಅಂತ ಒಬ್ಬರು ಪ್ರವಾದಿಯವರಲ್ಲಿ ಹೇಳಿದಾಗ, ಅವರು ಹೇಳಿಕೊಟ್ಟದ್ದು: ಸುಬ್‌ಹಾನಲ್ಲಾಹ್, ವಲ್‌ಹಮ್ದು ಲಿಲ್ಲಾಹ್, ವ ಲಾ ಇಲಾಹ ಇಲ್ಲಲ್ಲಾಹ್, ವಲ್ಲಾಹು ಅಕ್ಬರ್, ವ ಲಾ ಹೌಲ ವ ಲಾ ಕುವ್ವತ ಇಲ್ಲಾ ಬಿಲ್ಲಾಹ್. ಫಾತಿಹಾ ಬರುವ ತನಕ ಅದರ ಜಾಗದಲ್ಲಿ ಇದನ್ನು ಹೇಳಿ. ಎಲ್ಲ ಕಲಿತ ಮೇಲೆ ನಮಾಝ್ ಶುರು ಮಾಡುತ್ತೇನೆ ಅಂತ ಕಾಯಬೇಡಿ. ಹಾಗೆ ಕಾದವರು ಕಾಯುತ್ತಲೇ ಇರುತ್ತಾರೆ.

ಮೂರನೇ ಹೆಜ್ಜೆ: ವುಝೂ

ನಮಾಝಿಗೆ ಮುನ್ನ ಮಾಡುವ ಶುದ್ಧಿ. ಕರಾವಳಿಯಲ್ಲಿ ವುಳೂ ಅನ್ನುತ್ತಾರೆ. ಕುರ್‌ಆನ್ ಹೇಳಿದ್ದು ನಾಲ್ಕು: ಮುಖ ತೊಳೆಯುವುದು, ಮೊಣಕೈ ತನಕ ಕೈ ತೊಳೆಯುವುದು, ತಲೆ ಸವರುವುದು, ಹರಡಿನ ತನಕ ಕಾಲು ತೊಳೆಯುವುದು. ಪ್ರವಾದಿಯವರ ಚರ್ಯೆ ಸೇರಿಸಿದರೆ ಕ್ರಮ ಹೀಗಾಗುತ್ತದೆ.

ಮನಸ್ಸಿನಲ್ಲಿ ಸಂಕಲ್ಪ ಮಾಡಿ ಬಿಸ್ಮಿಲ್ಲಾಹ್ ಅನ್ನಿ. ಮುಂಗೈ ಎರಡೂ ಮೂರು ಸಲ ತೊಳೆಯಿರಿ, ಬೆರಳ ಸಂದಿಗೂ ನೀರು ಹೋಗಲಿ. ಬಾಯಿ ಮುಕ್ಕಳಿಸಿ. ಮೂಗಿಗೆ ನೀರೆಳೆದು ಎಡಗೈಯಿಂದ ಸೀನಿ ಹೊರಹಾಕಿ. ಮುಖವನ್ನು ಹಣೆಯ ಕೂದಲ ಬುಡದಿಂದ ಗಲ್ಲದ ಕೆಳಗಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ತೊಳೆಯಿರಿ. ಮೊದಲು ಬಲಗೈ, ಆಮೇಲೆ ಎಡಗೈ, ಮೊಣಕೈ ಸೇರಿಸಿ. ಕೈ ಒದ್ದೆ ಮಾಡಿಕೊಂಡು ತಲೆ ಸವರಿ, ಕಿವಿಯ ಒಳಗೂ ಹಿಂದೆಯೂ ಸವರಿ. ಕೊನೆಗೆ ಬಲಗಾಲು, ಎಡಗಾಲು. ತೊಳೆಯುವುದೆಲ್ಲ ಮೂರು ಮೂರು ಸಲ ಮಾಡುವುದು ರೂಢಿ, ನೀರು ಕಡಿಮೆ ಇದ್ದರೆ ಒಂದೊಂದೇ ಸಲವೂ ಸಾಕು.

ಹೊಸಬರಲ್ಲಿ ಸಾಮಾನ್ಯವಾಗಿ ಒಣಗಿ ಉಳಿಯುವ ಜಾಗ ಎರಡು. ಒಂದು ಮೊಣಕೈಯ ಹಿಂಭಾಗ, ಇನ್ನೊಂದು ಹಿಮ್ಮಡಿ. ಒಣ ಹಿಮ್ಮಡಿಗಳ ಬಗ್ಗೆ ಪ್ರವಾದಿಯವರು ಗಟ್ಟಿಯಾಗಿ ಎಚ್ಚರಿಸಿದ್ದಾರೆ. ಕೈಯಿಂದ ಉಜ್ಜಿ ನೋಡಿ. ಬಿಗಿಯಾದ ಉಂಗುರವಿದ್ದರೆ ತಿರುಗಿಸಿ. ಉಗುರಿಗೆ ಬಣ್ಣ ಹಚ್ಚಿದ್ದರೆ ನೀರು ತಾಗುವುದಿಲ್ಲ, ತೆಗೆಯಬೇಕು. ಮದರಂಗಿ ಇದ್ದರೆ ತೊಂದರೆಯಿಲ್ಲ, ಅದು ಪದರವಾಗಿ ಕೂರುವುದಿಲ್ಲ.

ನಲ್ಲಿ ಪೂರ್ತಿ ತಿರುಗಿಸಿಟ್ಟು ವುಝೂ ಮಾಡುವ ಅಭ್ಯಾಸ ಮೊದಲ ದಿನದಿಂದಲೇ ಬೇಡ. ಪ್ರವಾದಿಯವರು ವುಝೂಗೆ ಬಳಸುತ್ತಿದ್ದದ್ದು ಒಂದು ಮುದ್ದ್, ಅಂದರೆ ದೊಡ್ಡ ಬೊಗಸೆಯಷ್ಟು ನೀರು. ಒಂದು ಲೀಟರ್ ಬಾಟಲಿ ಇಟ್ಟುಕೊಂಡು ಒಮ್ಮೆ ಮಾಡಿ ನೋಡಿ. ಸಾಕಾಗುತ್ತದೆ.

ಶೌಚಕ್ಕೆ ಹೋದರೆ, ವಾಯು ಹೋದರೆ, ಗಾಢವಾಗಿ ನಿದ್ದೆ ಮಾಡಿದರೆ ವುಝೂ ಮುರಿಯುತ್ತದೆ. ದಂಪತಿ ಕೂಡಿದ ಮೇಲೆ, ವೀರ್ಯ ಸ್ಖಲನವಾದ ಮೇಲೆ, ಮುಟ್ಟು ನಿಂತ ಮೇಲೆ ಪೂರ್ತಿ ಸ್ನಾನ ಬೇಕು. ನೀರೇ ಸಿಗದಿದ್ದರೆ ಅಥವಾ ಕಾಯಿಲೆಯಿಂದ ನೀರು ಮುಟ್ಟುವಂತಿಲ್ಲದಿದ್ದರೆ ಶುದ್ಧ ಮಣ್ಣಿನಿಂದ ಮಾಡುವ ತಯಮ್ಮುಮ್ ಎಂಬ ಶುದ್ಧಿ ಇದೆ. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ನಮಾಝ್ ಇಲ್ಲ, ಆಮೇಲೆ ತೀರಿಸುವುದೂ ಬೇಡ. ಬಿಟ್ಟ ಉಪವಾಸಗಳನ್ನು ಮಾತ್ರ ಬೇರೆ ದಿನ ತೀರಿಸಬೇಕು.

ನಾಲ್ಕನೇ ಹೆಜ್ಜೆ: ಎರಡು ರಕಅತ್ ಗಟ್ಟಿ ಮಾಡಿಕೊಳ್ಳಿ

ಫಜ್ರ್, ಅಂದರೆ ನಸುಕಿನ ನಮಾಝಿನಲ್ಲಿ ಕಡ್ಡಾಯ ಎರಡೇ ರಕಅತ್. ಅದನ್ನು ಕಲಿತರೆ ಉಳಿದದ್ದು ಅದರ ವಿಸ್ತರಣೆ ಅಷ್ಟೇ. ಝುಹರ್ (ಮಧ್ಯಾಹ್ನ), ಅಸರ್ (ಇಳಿಹೊತ್ತು), ಇಶಾ (ರಾತ್ರಿ) ನಾಲ್ಕು ನಾಲ್ಕು, ಮಗ್ರಿಬ್ (ಸೂರ್ಯಾಸ್ತದ ನಂತರ) ಮೂರು.

ಬಟ್ಟೆ, ಜಾಗ ಶುಚಿಯಾಗಿರಲಿ. ಗಂಡಸರಿಗೆ ಕನಿಷ್ಠ ಹೊಕ್ಕುಳಿನಿಂದ ಮೊಣಕಾಲಿನ ತನಕ, ಹೆಂಗಸರಿಗೆ ಮುಖ ಮತ್ತು ಮುಂಗೈ ಬಿಟ್ಟು ಉಳಿದದ್ದೆಲ್ಲ ಮುಚ್ಚಿರಬೇಕು. ಕಿಬ್ಲಾ, ಅಂದರೆ ಮುಖ ಮಾಡಬೇಕಾದ ಕಡೆ, ಮಕ್ಕಾದಲ್ಲಿರುವ ಕಅ್‌ಬಾದ ದಿಕ್ಕು. ನಮ್ಮಲ್ಲಿ ಪಶ್ಚಿಮ ಅಂತ ಹೇಳುವ ರೂಢಿ. ಸರಿಯಾಗಿ ಹೇಳಬೇಕೆಂದರೆ ಬೆಂಗಳೂರು, ಮಂಗಳೂರುಗಳಲ್ಲಿ ಪಶ್ಚಿಮದಿಂದ ಸುಮಾರು 20 ಡಿಗ್ರಿ ಉತ್ತರಕ್ಕೆ, ಬೀದರ್ ಕಡೆ ಹೋದರೆ ಅದಕ್ಕಿಂತ ಕಡಿಮೆ. ದುಬೈಯಲ್ಲಿರುವ ಕನ್ನಡಿಗರು ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ ತಿರುಗಬೇಕು.

ನಿಂತು ಸಂಕಲ್ಪ ಮಾಡಿ, ಕೈ ಎತ್ತಿ ಅಲ್ಲಾಹು ಅಕ್ಬರ್ ಅನ್ನಿ. ಅಲ್ಲಿಂದಾಚೆ ಬೇರೆ ಮಾತಿಲ್ಲ. ಕೈ ಕಟ್ಟಿ ಫಾತಿಹಾ ಓದಿ, ಆಮೀನ್ ಅಂದು, ಇಖ್ಲಾಸ್‌ನಂಥ ಒಂದು ಚಿಕ್ಕ ಸೂರಃ ಓದಿ. ಅಲ್ಲಾಹು ಅಕ್ಬರ್ ಅಂದು ಬಾಗಿ. ಬೆನ್ನು ನೇರ, ಅಂಗೈ ಮೊಣಕಾಲಿನ ಮೇಲೆ. ಸುಬ್‌ಹಾನ ರಬ್ಬಿಯಲ್ ಅಝೀಮ್ ಅಂತ ಮೂರು ಸಲ. ಸಮಿಅಲ್ಲಾಹು ಲಿಮನ್ ಹಮಿದಹ್ ಅನ್ನುತ್ತಾ ಪೂರ್ತಿ ಎದ್ದು ನಿಂತು, ರಬ್ಬನಾ ಲಕಲ್ ಹಮ್ದ್ ಅನ್ನಿ. ಆಮೇಲೆ ಸುಜೂದ್, ಅಂದರೆ ಸಾಷ್ಟಾಂಗ. ಮೂಗು ಸೇರಿ ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳ ಬೆರಳು, ಹೀಗೆ ಏಳು ಅಂಗ ನೆಲಕ್ಕೆ ತಾಗಬೇಕು. ಸುಬ್‌ಹಾನ ರಬ್ಬಿಯಲ್ ಅಅ್‌ಲಾ ಅಂತ ಮೂರು ಸಲ. ಎದ್ದು ಕೂತು, ಮತ್ತೆ ಒಂದು ಸುಜೂದ್. ಇದು ಒಂದು ರಕಅತ್. ಎದ್ದು ನಿಂತು ಇನ್ನೊಂದು ಹೀಗೇ ಮಾಡಿ. ಕೊನೆಗೆ ಕೂತು ಅತ್ತಹಿಯ್ಯಾತ್ ಎಂಬ ಪ್ರಾರ್ಥನೆ ಮತ್ತು ಸಲಾತ್ (ಪ್ರವಾದಿಯವರಿಗಾಗಿ ಪ್ರಾರ್ಥನೆ) ಓದಿ, ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಸಲಾಂ ಹೇಳಿ.

ಅತ್ತಹಿಯ್ಯಾತ್ ಸ್ವಲ್ಪ ಉದ್ದ, ಕಲಿಯಲು ಸಮಯ ಹಿಡಿಯುತ್ತದೆ. ಫಾತಿಹಾ ಆದ ಮೇಲೆ ಬಾಯಿಪಾಠಕ್ಕೆ ಅದನ್ನೇ ಎತ್ತಿಕೊಳ್ಳಿ.

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾದದ್ದು ನಿಧಾನಕ್ಕೆ. ಒಬ್ಬರು ಮಸೀದಿಗೆ ಬಂದು ಅವಸರದಲ್ಲಿ ನಮಾಝ್ ಮುಗಿಸಿದಾಗ ಪ್ರವಾದಿಯವರು, ಮತ್ತೆ ಹೋಗಿ ನಮಾಝ್ ಮಾಡು, ನೀನು ಮಾಡಲಿಲ್ಲ ಅಂದರು. ಮೂರು ಸಲ ಹಾಗೇ ಆಯಿತು. ನನಗೆ ಇದಕ್ಕಿಂತ ಚೆನ್ನಾಗಿ ಬರುವುದಿಲ್ಲ, ಕಲಿಸಿಕೊಡಿ ಅಂತ ಅವರೇ ಕೇಳಿದಾಗ ಹೇಳಿದ್ದೇನು ಗೊತ್ತಾ? ಬಾಗಿದಾಗ ಮೈ ಸ್ತಿಮಿತಕ್ಕೆ ಬರುವ ತನಕ ಬಾಗಿರು. ಎದ್ದಾಗ ನೆಟ್ಟಗೆ ನಿಲ್ಲು. ಸುಜೂದಿನಲ್ಲಿ ಸ್ತಿಮಿತವಾಗು, ಕೂತಾಗ ಸ್ತಿಮಿತವಾಗು. ಹೊಸಬರಿಗೆ ಇದು ದೊಡ್ಡ ಸಮಾಧಾನ, ಅಲ್ವಾ? ಗೊತ್ತಿರುವುದು ಕಡಿಮೆಯೇ ಇರಲಿ, ಅದನ್ನು ಸಾವಕಾಶವಾಗಿ ಮಾಡಿ.

ಐದು ಹೊತ್ತೂ ಮೊದಲ ದಿನದಿಂದಲೇ ಕಡ್ಡಾಯ. ಆದರೆ ಒಂದು ಹೊತ್ತು ತಪ್ಪಿತು ಅಂತ ಉಳಿದದ್ದನ್ನೂ ಬಿಟ್ಟು ಕೂರಬೇಡಿ. ತಪ್ಪಿದ್ದನ್ನು ತೀರಿಸಿ, ಮುಂದಿನದಕ್ಕೆ ನಿಲ್ಲಿ. ಅಲ್ಲಾಹನಿಗೆ ಪ್ರಿಯವಾದ ಕೆಲಸ ಯಾವುದು ಅಂದಾಗ ಪ್ರವಾದಿಯವರು ಹೇಳಿದ್ದು, ಸ್ವಲ್ಪವೇ ಆದರೂ ಬಿಡದೆ ಮಾಡುವುದು. ಸುನ್ನತ್ (ಕಡ್ಡಾಯವಲ್ಲದ) ನಮಾಝ್‌ಗಳು, ತಹಜ್ಜುದ್ (ರಾತ್ರಿ ಎದ್ದು ಮಾಡುವ ನಮಾಝ್), ಉದ್ದುದ್ದ ದುಆಗಳು (ಬೇಡಿಕೆಗಳು) ಆಮೇಲೆ ಸೇರಿಕೊಳ್ಳಲಿ.

ಬೇರೆ ಬೇರೆ ಥರ ನಮಾಝ್ ಮಾಡುವುದು ಕಂಡರೆ

ಇಲ್ಲಿ ಬಹಳ ಜನ ಗಲಿಬಿಲಿಯಾಗುತ್ತಾರೆ. ಒಬ್ಬರು ಹೊಕ್ಕುಳ ಕೆಳಗೆ ಕೈ ಕಟ್ಟುತ್ತಾರೆ, ಇನ್ನೊಬ್ಬರು ಎದೆಯ ಕೆಳಗೆ. ಒಬ್ಬರು ಬಾಗುವ ಮುನ್ನ ಮತ್ತೆ ಕೈ ಎತ್ತುತ್ತಾರೆ, ಇನ್ನೊಬ್ಬರು ಎತ್ತುವುದಿಲ್ಲ. ಯಾರು ಸರಿ?

ಸುನ್ನಿಗಳಲ್ಲಿ ಧರ್ಮನಿಯಮಗಳನ್ನು ಅರ್ಥೈಸುವ ನಾಲ್ಕು ಪಂಥಗಳು, ಅಂದರೆ ಮದ್‌ಹಬ್‌ಗಳಿವೆ: ಹನಫಿ, ಮಾಲಿಕಿ, ಶಾಫಿಈ, ಹಂಬಲಿ. ಕರ್ನಾಟಕದಲ್ಲಿ ಮುಖ್ಯವಾಗಿ ಕಾಣುವುದು ಎರಡು. ಮಂಗಳೂರು, ಉಡುಪಿ ಕಡೆಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಈ. ಸಮುದ್ರದ ಮೂಲಕ ಅರಬ್ ವ್ಯಾಪಾರಿಗಳ ಜೊತೆ ಇಸ್ಲಾಂ ಬಂದ ಕರಾವಳಿ ಅದು. ಘಟ್ಟದ ಮೇಲೆ, ಬಯಲುಸೀಮೆ, ಕಲಬುರಗಿ, ವಿಜಯಪುರದ ಕಡೆ ಹೆಚ್ಚಾಗಿ ಹನಫಿ. ಫಜ್ರಿನಲ್ಲಿ ಕೈ ಎತ್ತಿ ಕುನೂತ್ ಎಂಬ ಪ್ರಾರ್ಥನೆ ಓದುವುದು, ನಮಾಝ್ ನಡೆಸಿಕೊಡುವ ಇಮಾಮರ ಹಿಂದೆ ಜೋರಾಗಿ ಆಮೀನ್ ಅನ್ನುವುದು, ತಾವೂ ಫಾತಿಹಾ ಓದುವುದು ಶಾಫಿಈ ರೀತಿ. ಹನಫಿಗಳು ಇಮಾಮರ ಹಿಂದೆ ಸುಮ್ಮನೆ ನಿಂತು ಕೇಳುತ್ತಾರೆ. ಅಡುಗೆಮನೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಹನಫಿಗಳು ಏಡಿ ತಿನ್ನುವುದಿಲ್ಲ, ಕರಾವಳಿಯ ಶಾಫಿಈಗಳಲ್ಲಿ ಅನೇಕರು ತಿನ್ನುತ್ತಾರೆ. ಇವೆಲ್ಲ ಹದೀಸ್‌ಗಳನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ದೊಡ್ಡ ವಿದ್ವಾಂಸರಿಗೆ ಬಂದ ಭಿನ್ನಾಭಿಪ್ರಾಯ. ಒಬ್ಬರು ಇನ್ನೊಬ್ಬರನ್ನು ಗೌರವಿಸುತ್ತಲೇ ಬಂದಿದ್ದಾರೆ.

ನನ್ನ ಸಲಹೆ ಇಷ್ಟೇ. ನಿಮಗೆ ಕಲಿಸುವವರು ಯಾವ ರೀತಿ ಅನುಸರಿಸುತ್ತಾರೋ ಅದನ್ನೇ ಕಲಿಯಿರಿ. ಮೊದಲ ವರ್ಷ ಹೋಲಿಕೆಗೆ ಹೋಗಬೇಡಿ. ಫೋನಿನ ನಮಾಝ್ ಆ್ಯಪ್ ಹಾಕಿಕೊಂಡಾಗ ಮಾತ್ರ ಒಂದು ವಿಷಯ ನೋಡಿ. ಅಸರ್ ಸಮಯಕ್ಕೆ ಹನಫಿ, ಶಾಫಿಈ ಅಂತ ಎರಡು ಆಯ್ಕೆ ಇರುತ್ತದೆ. ಹನಫಿ ಲೆಕ್ಕದಲ್ಲಿ ಅಸರ್ ತಡವಾಗಿ ಶುರುವಾಗುತ್ತದೆ. ಹತ್ತಿರದ ಮಸೀದಿಯ ಗೋಡೆಯಲ್ಲಿರುವ ವೇಳಾಪಟ್ಟಿಗೆ ತಾಳೆ ಹಾಕಿ ಸರಿಮಾಡಿಕೊಳ್ಳಿ.

ಮೊದಲ ಸಲ ಮಸೀದಿಗೆ

ಎಲ್ಲರೂ ನನ್ನನ್ನೇ ನೋಡುತ್ತಾರೇನೋ ಎಂಬ ಅಳುಕು ಸಹಜ. ಮುಆವಿಯ ಬಿನ್ ಹಕಮ್ ಎಂಬ ಸಹಾಬಿಯ (ಪ್ರವಾದಿಯವರ ಸಂಗಾತಿ) ಕಥೆ ಕೇಳಿ. ಹೊಸದಾಗಿ ಇಸ್ಲಾಮಿಗೆ ಬಂದವರು. ನಮಾಝಿನ ನಡುವೆ ಒಬ್ಬರು ಸೀನಿದರು. ಇವರು ಅಲ್ಲಿಂದಲೇ, ಅಲ್ಲಾಹ್ ನಿಮಗೆ ಕರುಣೆ ತೋರಲಿ ಅಂದರು. ಸುತ್ತಲಿನವರು ದುರುಗುಟ್ಟಿ ನೋಡಿದರು. ಯಾಕೆ ಹೀಗೆ ನೋಡುತ್ತೀರಿ ಅಂತ ಮತ್ತೆ ಮಾತಾಡಿದರು. ಜನ ತೊಡೆ ತಟ್ಟಿ ಸುಮ್ಮನಿರಿಸಿದರು. ನಮಾಝ್ ಮುಗಿದ ಮೇಲೆ ಪ್ರವಾದಿಯವರು ಬೈಯಲಿಲ್ಲ, ಹೊಡೆಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ನಮಾಝಿನಲ್ಲಿ ಜನರ ಮಾತು ಸಲ್ಲದು, ಅದು ತಸ್ಬೀಹ್ (ಸ್ತುತಿ), ತಕ್ಬೀರ್ (ಅಲ್ಲಾಹು ಅಕ್ಬರ್ ಅನ್ನುವುದು), ಕುರ್‌ಆನ್ ಓದುವ ಹೊತ್ತು ಅಂದರು, ಅಷ್ಟೇ. ಅವರಿಗಿಂತ ಒಳ್ಳೆಯ ಗುರುವನ್ನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ ಅನ್ನುತ್ತಾರೆ ಮುಆವಿಯ. ಹಳಬರು ಈ ಹದೀಸನ್ನು ಹೊಸಬರಿಗಿಂತ ಜಾಸ್ತಿ ಓದಬೇಕು.

ಜನ ಕಡಿಮೆ ಇರುವ ಝುಹರ್ ಅಥವಾ ಅಸರ್ ಹೊತ್ತಿಗೆ ಹೋಗಿ. ಚಪ್ಪಲಿ ಹೊರಗೆ, ಫೋನ್ ಸೈಲೆಂಟ್, ಒಳಗೆ ಬಲಗಾಲು ಮೊದಲು. ನಮಾಝ್ ಮಾಡುವವರ ಮುಂದೆ ಹಾದುಹೋಗಬೇಡಿ. ಸಾಲಿನಲ್ಲಿ ಪಕ್ಕದವರ ಸಮಕ್ಕೆ ನಿಂತು ಇಮಾಮರ ಹಿಂದೆ ಹಿಂದೆಯೇ ಮಾಡಿ, ಅವರಿಗಿಂತ ಮುಂಚೆ ಬಾಗಬೇಡಿ. ತಡವಾದರೆ ಅವರು ಯಾವ ಸ್ಥಿತಿಯಲ್ಲಿದ್ದಾರೋ ಅಲ್ಲಿಂದಲೇ ಸೇರಿಕೊಂಡು, ತಪ್ಪಿದ ರಕಅತ್ ಆಮೇಲೆ ಎದ್ದು ಪೂರ್ತಿ ಮಾಡಿ. ಗಂಡಸರಿಗೆ ಶುಕ್ರವಾರದ ಜುಮಾ ನಮಾಝ್ ಕಡ್ಡಾಯ. ಖುತ್ಬಾ (ಪ್ರವಚನ) ಶುರುವಾದ ಮೇಲೆ ಮಾತಿಲ್ಲ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಜಾಗ ಎಲ್ಲ ಮಸೀದಿಗಳಲ್ಲೂ ಇಲ್ಲ, ಮೊದಲೇ ವಿಚಾರಿಸಿ.

ಕುರ್‌ಆನ್ ಓದುವುದು

114 ಸೂರಃ, 30 ಭಾಗ. ಕನ್ನಡದಲ್ಲಿ ಪೂರ್ತಿ ಅನುವಾದಗಳಿವೆ, ಮಂಗಳೂರಿನ ಪ್ರಕಾಶಕರಿಂದ ಸಿಗುತ್ತವೆ. ಮೊದಲ ಪುಟದಿಂದ ಶುರು ಮಾಡಿದವರು ಎರಡನೇ ಸೂರಃ ಬಕರದಲ್ಲಿ ನಿಂತುಬಿಡುತ್ತಾರೆ. 286 ವಾಕ್ಯ, ವಿವಾಹ, ವಿಚ್ಛೇದನ, ಸಾಲದ ಪತ್ರದ ನಿಯಮಗಳೆಲ್ಲ ಅದರಲ್ಲೇ ಇವೆ. ಕೊನೆಯ ಭಾಗದ ಚಿಕ್ಕ ಸೂರಃಗಳಿಂದ ಆರಂಭಿಸಿ. ಆಮೇಲೆ ಯೂಸುಫ್ ಓದಿ. ಅಣ್ಣಂದಿರು ಬಾವಿಗೆ ತಳ್ಳಿದ ಹುಡುಗನ ಇಡೀ ಕಥೆ ಒಂದೇ ಸೂರಃದಲ್ಲಿದೆ. ಮರ್ಯಮ್, ಲುಕ್ಮಾನ್ ಓದಿ. ಬಕರ ಆಮೇಲೆ. ಯುದ್ಧದ ಬಗ್ಗೆ ಬರುವ ವಾಕ್ಯಗಳನ್ನು ಹಿಂದುಮುಂದಿನ ವಾಕ್ಯ, ವಿವರಣೆ ಇಲ್ಲದೆ ಒಂಟಿಯಾಗಿ ಎತ್ತಿ ಓದಬೇಡಿ.

ಅನುವಾದದ ಜೊತೆಗೆ ಅರಬಿ ಅಕ್ಷರವನ್ನೂ ಕಲಿಯಿರಿ. 28 ಅಕ್ಷರ, ಬಲದಿಂದ ಎಡಕ್ಕೆ. ಮದ್ರಸ ಮಕ್ಕಳ ಕೈಯಲ್ಲಿರುವ ಕಾಯಿದಾ ಎಂಬ ತೆಳ್ಳಗಿನ ಅಕ್ಷರ ಪುಸ್ತಕವೇ ದೊಡ್ಡವರಿಗೂ ಸಾಕು.

ಉಪವಾಸ, ಝಕಾತ್, ಹಜ್ಜ್

ಇವು ಅವುಗಳ ಹೊತ್ತಿಗೆ ಬರುತ್ತವೆ. ರಮಝಾನ್ ಇಸ್ಲಾಮಿನ ಹಿಜ್ರಿ ವರ್ಷದ ಒಂಬತ್ತನೇ ತಿಂಗಳು. ಚಾಂದ್ರಮಾನದ ಲೆಕ್ಕವಾದ್ದರಿಂದ ಪ್ರತಿ ವರ್ಷ 10–11 ದಿನ ಮುಂಚೆ ಬರುತ್ತದೆ. ಫಜ್ರಿನಿಂದ ಸೂರ್ಯಾಸ್ತದ ತನಕ ಅನ್ನ, ನೀರು, ದಾಂಪತ್ಯ ಸಂಬಂಧ ಇಲ್ಲ. ಕಾಯಿಲೆಯವರಿಗೆ, ಪ್ರಯಾಣಿಕರಿಗೆ ವಿನಾಯಿತಿ ಇದೆ. ಬಸುರಿ, ಬಾಣಂತಿಯರೂ ತಮಗೋ ಮಗುವಿಗೋ ತೊಂದರೆಯಾಗುವುದಿದ್ದರೆ ಬಿಡಬಹುದು. ಸಹ್ರಿ (ಫಜ್ರಿಗೆ ಮುಂಚಿನ ಊಟ) ಬಿಡಬೇಡಿ, ಇಫ್ತಾರ್ (ಸಂಜೆ ಉಪವಾಸ ಬಿಡುವುದು) ತಡ ಮಾಡಬೇಡಿ. ರಮಝಾನಿಗೆ ಮುನ್ನ ಬರುವ ಶಅ್‌ಬಾನ್ ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಉಪವಾಸ ಹಿಡಿದು ನೋಡಿದರೆ ಮೈಗೆ ರೂಢಿಯಾಗುತ್ತದೆ.

ಝಕಾತ್ ಎಲ್ಲರಿಗೂ ಬರುವುದಿಲ್ಲ. ನಮ್ಮ ದೇಶದ ಲೆಕ್ಕದಲ್ಲಿ 87.48 ಗ್ರಾಂ ಚಿನ್ನ ಅಥವಾ 612.36 ಗ್ರಾಂ ಬೆಳ್ಳಿಯ ಮಟ್ಟಕ್ಕೆ ಉಳಿತಾಯ ಮುಟ್ಟಿ, ಒಂದು ಚಾಂದ್ರಮಾನ ವರ್ಷ ಕಳೆದರೆ ಶೇ 2.5 ಕೊಡಬೇಕು. ಆ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಹಜ್ಜ್ ಆರೋಗ್ಯವೂ ಹಣವೂ ಇದ್ದವರಿಗೆ ಜೀವನದಲ್ಲಿ ಒಂದು ಸಲ.

ಮನೆಯವರ ಜೊತೆ

ಬೇರೆ ಧರ್ಮದ ಮನೆಯಿಂದ ಬಂದವರಿಗೆ ಇದು ನಮಾಝಿನಷ್ಟೇ ಮುಖ್ಯವಾದ ಪಾಠ. ಅಲ್ಲಾಹನ ಜೊತೆ ಬೇರೆಯವರನ್ನು ಸೇರಿಸು ಅಂತ ತಂದೆತಾಯಿ ಒತ್ತಾಯಿಸಿದರೆ ಅದೊಂದರಲ್ಲಿ ಒಪ್ಪಬೇಡ, ಆದರೆ ಲೋಕದಲ್ಲಿ ಅವರ ಜೊತೆ ಚೆನ್ನಾಗಿ ಬಾಳು ಅನ್ನುತ್ತದೆ ಸೂರಃ ಲುಕ್ಮಾನ್. ಪ್ರವಾದಿಯವರ ಆಪ್ತ ಸಂಗಾತಿ ಅಬೂಬಕ್ಕರರ ಮಗಳು ಅಸ್ಮಾ, ಇಸ್ಲಾಮಿಗೆ ಬಾರದ ತಾಯಿ ನೋಡಲು ಬಂದಾಗ ಏನು ಮಾಡಲಿ ಅಂತ ಕೇಳಿದರು. ತಾಯಿಯ ಸಂಬಂಧ ಕಾಪಾಡಿಕೋ ಅಂದರು ಪ್ರವಾದಿಯವರು. ಅಮ್ಮನಿಗೆ ಫೋನ್ ಮಾಡುವುದು ನಿಲ್ಲಿಸಬೇಡಿ. ಮೊದಲಿಗಿಂತ ಜಾಸ್ತಿ ಕೆಲಸ ಮಾಡಿಕೊಡಿ. ಹೆಸರಿನ ಅರ್ಥದಲ್ಲಿ ದೋಷವಿಲ್ಲದಿದ್ದರೆ ಬದಲಿಸಲೇಬೇಕು ಎಂಬ ನಿಯಮವೂ ಇಲ್ಲ.

ಯಾರ ಹತ್ತಿರ ಕಲಿಯುವುದು

ಹತ್ತಿರದ ಮಸೀದಿಯ ಇಮಾಮರು, ಮದ್ರಸದ ಉಸ್ತಾದರು, ಮನೆಯಲ್ಲಿ ಕುರ್‌ಆನ್ ಹೇಳಿಕೊಡುವ ಹಿರಿಯ ಹೆಂಗಸು, ಯಾರಾದರೂ ಒಬ್ಬರು ಬೇಕು. ಉಚ್ಚಾರ ತಿದ್ದಲು, ಬಾಗಿದ ಬೆನ್ನು ನೇರ ಮಾಡಲು ವಿಡಿಯೊದಿಂದ ಆಗುವುದಿಲ್ಲ. ನೀವು ಫಾತಿಹಾ ಓದಿ ತೋರಿಸಿದಾಗ ಅವರು ತಾಳ್ಮೆಯಿಂದ ಕೇಳುತ್ತಾರಾ ನೋಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಅನ್ನುತ್ತಾರಾ ನೋಡಿ. ಅಂಥವರು ಸಿಕ್ಕಿದರೆ ಬಿಡಬೇಡಿ. ಬಂದ ವಾರದಲ್ಲೇ ಪಂಗಡಗಳ ಜಗಳಕ್ಕೆ ಎಳೆಯುವವರು, ಮನೆಯವರನ್ನು ಬಿಟ್ಟು ಬಾ ಅನ್ನುವವರು, ಕಲಿಸುವ ಮೊದಲೇ ಹಣದ ಮಾತೆತ್ತುವವರು ಇದ್ದರೆ ನಯವಾಗಿ ದೂರ ಸರಿಯಿರಿ.

ಕೆಲಸಕ್ಕೆ ಹೋಗುವವರಿಗೆ ಇಶಾ ನಮಾಝ್ ಆದ ಮೇಲೆ ಹದಿನೈದು ನಿಮಿಷ ಸಿಗುತ್ತದಾ ಅಂತ ಉಸ್ತಾದರನ್ನು ಕೇಳಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಮೊದಲ ದಿನ ಬಿಸ್ಮಿಲ್ಲಾಹ್ ಒಂದನ್ನೇ ಹೇಳಿ ತಿದ್ದಿಸಿಕೊಂಡು ಬನ್ನಿ. ಮರುದಿನ ಎರಡನೇ ಸಾಲು.